ವಾಣಿವಿಲಾಸ ಸಾಗರದ ಮೀನು ದೋಣಿಗೆ ಔಟ್‌ಬೋರ್ಡ್ ಎಂಜಿನ್ ಒಳ್ಳೆಯದೋ, ಇನ್‌ಬೋರ್ಡ್ ಒಳ್ಳೆಯದೋ?

ಮಾರಿಕಣಿವೆ ದಂಡೆ (ಹಿರಿಯೂರು ತಾಲ್ಲೂಕು):

ಎಲ್ಲರಿಗೂ ನಮಸ್ಕಾರ. ನಾವು ಕೆಲವು ಕುಟುಂಬದವರು ಪರವಾನಗಿ ಪಡೆದು ವಾಣಿವಿಲಾಸ ಸಾಗರದಲ್ಲಿ ಮೀನು ಹಿಡಿಯುತ್ತೇವೆ. ಇಂದಿಗೂ ಕೆಲಸವೆಲ್ಲ ಹರಿಗೋಲಿನಲ್ಲೇ ನಡೆಯುತ್ತದೆ. ಸಂಜೆ ಬಲೆ ಬಿಟ್ಟು, ಬೆಳಗಿನ ಜಾವ ಎತ್ತಿ, ಹುಟ್ಟು ಹಾಕಿಕೊಂಡು ದಡಕ್ಕೆ ಬರುತ್ತೇವೆ. 1933ರಲ್ಲಿ ಕೋಡಿ ಬಿದ್ದಿದ್ದ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಆಮೇಲೆ 2025ರ ಜನವರಿಯಲ್ಲಿ ಇನ್ನೊಮ್ಮೆ. ನೀರು ನಿಂತದ್ದು ಸಂತೋಷದ ವಿಷಯವೇ, ಆದರೆ ಹಿನ್ನೀರು ಹರಡಿದಷ್ಟೂ ಬಲೆ ಬಿಡುವ ಜಾಗ ದೂರವಾಗುತ್ತಾ ಹೋಯಿತು. ಬಿಸಿಲೇರುವ ಮೊದಲು ಕಾಟ್ಲಾ, ರೋಹು ದಡ ಸೇರದಿದ್ದರೆ ವ್ಯಾಪಾರಿ ಕೇಳುವ ದರವೇ ಬೇರೆ. ಆಷಾಢದ ಗಾಳಿಯಲ್ಲಂತೂ ಹರಿಗೋಲು ಇದ್ದಲ್ಲೇ ಸುತ್ತುತ್ತದೆಯೇ ಹೊರತು ಮುಂದೆ ಸಾಗುವುದಿಲ್ಲ.

ಹೀಗಾಗಿ ಎಲ್ಲರೂ ಸೇರಿ ಸುಮಾರು 20 ಅಡಿಯ ಫೈಬರ್ ದೋಣಿಯೊಂದನ್ನು ಮಾಡಿಸಬೇಕೆಂದಿದ್ದೇವೆ. ಬಲೆ ಎತ್ತುವುದು ಹರಿಗೋಲಿನಿಂದಲೇ. ಮೀನು ತುಂಬಿದ ಐಸ್ ಪೆಟ್ಟಿಗೆಗಳನ್ನು ತರುವುದು ಮತ್ತು ಗಾಳಿ ಎದ್ದಾಗ ಹರಿಗೋಲುಗಳನ್ನು ಹಗ್ಗ ಕಟ್ಟಿ ಎಳೆದು ತರುವುದು ಈ ದೋಣಿಯ ಕೆಲಸ. ಎಂಜಿನ್ ವಿಷಯದಲ್ಲಿ ಮಾತ್ರ ನಮ್ಮಲ್ಲಿ ಎರಡು ಅಭಿಪ್ರಾಯಗಳಿವೆ. ಹಿರಿಯರು ಮಲ್ಪೆಯಲ್ಲಿ ನೋಡಿ ಬಂದವರು. ದೋಣಿಯ ಒಳಗೇ ಕೂರುವ ಡೀಸೆಲ್ ಎಂಜಿನ್ ಹಾಕಿಸಿದರೆ ಖರ್ಚು ಕಡಿಮೆ, ಬಾಳಿಕೆ ಹೆಚ್ಚು ಎನ್ನುತ್ತಾರೆ. ಹುಡುಗರು ಹಿಂಬದಿಗೆ ತೂಗುಹಾಕುವ ಔಟ್‌ಬೋರ್ಡ್ ಸಾಕು ಎನ್ನುತ್ತಾರೆ. ಎಷ್ಟು ಅಶ್ವಶಕ್ತಿ ಬೇಕೆಂಬುದರಲ್ಲೂ 8ರಿಂದ 40ರವರೆಗೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಕರಾವಳಿಯವ, ಸದ್ಯ ದಾವಣಗೆರೆ:

ಮಾನ್ಯರೇ, ತಮ್ಮ ಹಿರಿಯರು ಮಲ್ಪೆಯಲ್ಲಿ ನೋಡಿದ್ದು ಟ್ರಾಲ್ ಬೋಟುಗಳನ್ನು. ಅವು ಭಾರದ ಬಲೆಯನ್ನು ಗಂಟೆಗಟ್ಟಲೆ ಒಂದೇ ವೇಗದಲ್ಲಿ ಎಳೆಯುತ್ತವೆ, ದಿನಗಟ್ಟಲೆ ಸಮುದ್ರದಲ್ಲೇ ಇರುತ್ತವೆ ಮತ್ತು ಬಂದರಿನ ಆಳದ ನೀರಿನಲ್ಲೇ ನಿಲ್ಲುತ್ತವೆ. ಅಲ್ಲಿ ಒಳಗಿನ ಡೀಸೆಲ್ ಎಂಜಿನ್ ಬಿಟ್ಟರೆ ಬೇರೆ ದಾರಿಯಿಲ್ಲ. ಅದೇ ಕರಾವಳಿಯಲ್ಲಿ ಮರಳ ದಂಡೆಗೆ ಬಂದು ನಿಲ್ಲುವ ನಾಡದೋಣಿಗಳನ್ನು ಅವರು ಗಮನಿಸಿದ್ದರೆ, ಅವುಗಳ ಹಿಂಬದಿಯಲ್ಲಿ ಔಟ್‌ಬೋರ್ಡ್ ಎಂಜಿನ್‌ಗಳೇ ಕಾಣಿಸುತ್ತಿದ್ದವು. ದಡ ಮುಟ್ಟುವ ಮುಂಚೆ ಎಂಜಿನ್ನನ್ನು ಮೇಲಕ್ಕೆ ಮಗುಚಿದರೆ ದೋಣಿಯ ಅಡಿಯಲ್ಲಿ ನೆಲಕ್ಕೆ ತಾಗುವಂಥದ್ದು ಏನೂ ಉಳಿಯುವುದಿಲ್ಲ. ತಮ್ಮ ಸ್ಥಿತಿ ಈ ಎರಡನೆಯದಕ್ಕೆ ಹತ್ತಿರವಾದದ್ದು.

ಜಲಾಶಯದಲ್ಲಿ ಇದು ಸಣ್ಣ ವಿಷಯವಲ್ಲ. ವಾಣಿವಿಲಾಸ ಸಾಗರದ ಪೂರ್ಣ ಮಟ್ಟ 130 ಅಡಿ ಎನ್ನುತ್ತಾರೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಅದು ಎಲ್ಲಿಗೆ ಇಳಿಯುತ್ತದೆ ಎಂಬುದು ನನಗಿಂತ ತಮಗೇ ಚೆನ್ನಾಗಿ ಗೊತ್ತು. ನೀರು ಇಳಿದಂತೆಲ್ಲ ದೋಣಿ ಕಟ್ಟುವ ಜಾಗವೂ ಮುಂದೆ ಮುಂದೆ ಸರಿಯುತ್ತದೆ, ಕಲ್ಲು, ಮರದ ಬೊಡ್ಡೆ, ಹಳೆಯ ಬದುಗಳು ಮೇಲೆದ್ದು ಬರುತ್ತವೆ, ದೋಣಿಯನ್ನು ಕೆಸರಿನ ಮೇಲೆ ಎಳೆಯಬೇಕಾಗುತ್ತದೆ. ಇನ್‌ಬೋರ್ಡ್ ದೋಣಿಯಲ್ಲಿ ಶಾಫ್ಟು, ಪ್ರೊಪೆಲ್ಲರ್, ಚುಕ್ಕಾಣಿ ಮೂರೂ ಅಡಿಯಲ್ಲಿ ಶಾಶ್ವತವಾಗಿ ಇಳಿಬಿದ್ದಿರುತ್ತವೆ. ಒಂದು ಬೊಡ್ಡೆಗೆ ತಾಗಿ ಶಾಫ್ಟು ಕೂದಲೆಳೆಯಷ್ಟು ಬಾಗಿದರೂ ಇಡೀ ದೋಣಿ ನಡುಗುತ್ತದೆ, ಅದನ್ನು ಬಿಚ್ಚಲು ದೋಣಿಯನ್ನೇ ನೀರಿನಿಂದ ಮೇಲೆತ್ತಬೇಕು. ಸಣ್ಣ ಔಟ್‌ಬೋರ್ಡುಗಳಲ್ಲಿ ಶಿಯರ್ ಪಿನ್ ಎಂಬ ಚಿಕ್ಕ ಕಡ್ಡಿ ಇರುತ್ತದೆ. ಪೆಟ್ಟು ಬಿದ್ದಾಗ ಅದೇ ಮುರಿದು ಗೇರನ್ನು ಉಳಿಸುತ್ತದೆ. ಬೇರೆ ಪಿನ್ ಹಾಕಿಕೊಂಡು ಅಲ್ಲಿಂದಲೇ ಹೊರಡಬಹುದು. ಸ್ವಲ್ಪ ದೊಡ್ಡವುಗಳಲ್ಲಿ ಪಿನ್ನಿನ ಬದಲು ಪ್ರೊಪೆಲ್ಲರಿನ ಒಳಗೆ ರಬ್ಬರ್ ಬುಶ್ ಇರುತ್ತದೆ.

ಒಂದು ಎಚ್ಚರಿಕೆ. ಕರಾವಳಿಯಿಂದ ಹಳೆಯ ಸೀಮೆಎಣ್ಣೆ ಎಂಜಿನ್ ಅಗ್ಗಕ್ಕೆ ಸಿಗುತ್ತದೆಂದು ಯಾರಾದರೂ ಹೇಳಿದರೆ ಕೊಳ್ಳಬೇಡಿ. ಅವು ಪೆಟ್ರೋಲಿನಲ್ಲಿ ಶುರುವಾಗಿ ಸೀಮೆಎಣ್ಣೆಯಲ್ಲಿ ಓಡುವಂಥವು. ಅಲ್ಲಿನ ನಾಡದೋಣಿಗಳಿಗೆ ಪರವಾನಗಿಯ ಮೇಲೆ ರಿಯಾಯಿತಿ ದರದ ಸೀಮೆಎಣ್ಣೆ ಸಿಗುವುದರಿಂದ ಅಲ್ಲಿ ಅದು ನಡೆಯುತ್ತದೆ. ಹಿರಿಯೂರಿನಲ್ಲಿ ಅದನ್ನು ಎಲ್ಲಿಂದ ತರುವಿರಿ? ಉಪ್ಪುನೀರಿನಲ್ಲಿ ಓಡಿದ ಎಂಜಿನ್ನಿನ ಒಳಗಿನ ನೀರಿನ ದಾರಿಗಳು ಹೇಗಿರುತ್ತವೆ ಎಂಬುದು ಹೊರಗಿನ ಬಣ್ಣ ನೋಡಿದರೆ ಗೊತ್ತಾಗುವುದೂ ಇಲ್ಲ.

ನಿವೃತ್ತ ಬೋಧಕ, ಚಿತ್ರದುರ್ಗ (ಯಂತ್ರ ವಿಭಾಗ):

ಮೇಲಿನವರ ಮಾತು ಬಹುಪಾಲು ಸರಿ. ಆದರೆ ಡೀಸೆಲ್ ಎಂಜಿನ್ನನ್ನು ಅಷ್ಟು ಬೇಗ ತಳ್ಳಿಹಾಕಬಾರದು. ಹತ್ತು ಅಶ್ವಶಕ್ತಿಯನ್ನು ಪೂರ್ತಿಯಾಗಿ ದುಡಿಸಿದರೆ ಡೀಸೆಲ್ ಗಂಟೆಗೆ ಎರಡು ಲೀಟರಿನ ಆಸುಪಾಸು ಖರ್ಚಾಗುತ್ತದೆ. ನಾಲ್ಕು ಸ್ಟ್ರೋಕಿನ ಪೆಟ್ರೋಲ್ ಎಂಜಿನ್ ಮೂರೂವರೆ ಲೀಟರ್ ಕುಡಿಯುತ್ತದೆ, ಎರಡು ಸ್ಟ್ರೋಕಿನದು ಐದರ ಹತ್ತಿರ ಹೋಗುತ್ತದೆ, ಅದರ ಮೇಲೆ ಆಯಿಲ್ ಬೇರೆ. ಡೀಸೆಲ್ ಎಂಜಿನ್ ನಿಧಾನವಾಗಿ ತಿರುಗುತ್ತದೆ, ಗೇರಿನ ಮೂಲಕ ಇನ್ನೂ ನಿಧಾನವಾಗಿ ದೊಡ್ಡ ಪ್ರೊಪೆಲ್ಲರನ್ನು ತಿರುಗಿಸುತ್ತದೆ. ಭಾರ ಎಳೆಯಲು ಬೇಕಾದದ್ದು ಅದೇ. ಪಂಪ್‌ಸೆಟ್ ಡೀಸೆಲ್ ಎಂಜಿನ್ ರಿಪೇರಿ ಮಾಡುವವರು ನಮ್ಮ ಜಿಲ್ಲೆಯ ಪ್ರತಿ ಹೋಬಳಿಯಲ್ಲೂ ಸಿಗುತ್ತಾರೆ. ಶಾಫ್ಟು, ಬುಶ್ ಮಾಡಿಸುವುದಾದರೆ ಹರಿಹರವಿದೆ. ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಮುಚ್ಚಿ ಕಾಲವಾದರೂ ಆ ಊರಿನಲ್ಲಿ ಲೇತ್ ಕೆಲಸ ಬಲ್ಲ ಕೈಗಳು ಇನ್ನೂ ಇವೆ. ಆದ್ದರಿಂದ ದಿನಕ್ಕೆ ಎಷ್ಟು ಗಂಟೆ ಎಂಜಿನ್ ಓಡುತ್ತದೆ ಎಂಬುದನ್ನು ತಾವು ಮೊದಲು ತಿಳಿಸಬೇಕು. ಅದಿಲ್ಲದೆ ಇದು ಒಳ್ಳೆಯದು, ಅದು ಕೆಟ್ಟದ್ದು ಎನ್ನುವುದು ಬರೀ ಮಾತಾಗುತ್ತದೆ.

ಅಶ್ವಶಕ್ತಿಯ ಪ್ರಶ್ನೆಗೆ ಮಾತ್ರ ಈಗಲೇ ಉತ್ತರ ಹೇಳಬಹುದು. ಭಾರ ಹೊತ್ತು ನೀರನ್ನು ಸೀಳಿಕೊಂಡು ಹೋಗುವ ದೋಣಿಗೆ ಅದರ ಉದ್ದವೇ ಒಂದು ವೇಗದ ಮಿತಿಯನ್ನು ಹಾಕುತ್ತದೆ. ನೀರಿಗೆ ತಾಗುವ ಉದ್ದವನ್ನು ಅಡಿಯಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ಆ ಮಿತಿ ನಾಟ್ ಲೆಕ್ಕದಲ್ಲಿ ಸಿಗುತ್ತದೆ. 20 ಅಡಿಗೆ ಇದು ಆರು ನಾಟ್, ಅಂದರೆ ಗಂಟೆಗೆ 11 ಕಿಲೋಮೀಟರ್. ಆ ವೇಗ ಮುಟ್ಟಿದಾಗ ದೋಣಿ ತಾನೇ ಎಬ್ಬಿಸಿದ ಅಲೆಯ ಮಡಿಲಲ್ಲಿ ಕೂತಿರುತ್ತದೆ. ಆಮೇಲೆ ಎಷ್ಟು ಶಕ್ತಿ ಸುರಿದರೂ ಹಿಂಬದಿ ಕುಸಿದು ಮೂತಿ ಮೇಲೇಳುತ್ತದೆಯೇ ಹೊರತು ವೇಗ ಹೆಚ್ಚುವುದು ಅತ್ಯಲ್ಪ. ಮಿತಿ ದಾಟಿ ನೀರಿನ ಮೇಲೆ ಜಾರಿಕೊಂಡು ಓಡಬೇಕಾದರೆ ಚಪ್ಪಟೆ ತಳದ ಹಗುರ ದೋಣಿ ಬೇಕು, 40 ಅಶ್ವಶಕ್ತಿಯ ಮಾತು ಅಲ್ಲಿ ಬರುತ್ತದೆ. ಐಸ್ ಪೆಟ್ಟಿಗೆ ಹೊತ್ತು ಹರಿಗೋಲು ಎಳೆಯುವ ದೋಣಿಗೆ 8ರಿಂದ 10 ಸಾಕು, ಎದುರುಗಾಳಿಗೆಂದು ಸ್ವಲ್ಪ ಮಿಗಿಸಿದರೂ 15ರ ಆಚೆ ಹೋಗಬೇಕಿಲ್ಲ. ಇನ್ನೊಂದು ಮಾತು: ಹರಿಗೋಲಿನ ತಳ ದುಂಡಗಿರುವುದರಿಂದ ಅದನ್ನು ವೇಗವಾಗಿ ಎಳೆದರೆ ಮುಂದಿನ ಅಂಚು ನೀರಿಗೆ ಬಾಗಿ ಒಳಗೆ ನೀರು ನುಗ್ಗುತ್ತದೆ. ತಮ್ಮ ವೇಗವನ್ನು ಕೊನೆಗೆ ನಿರ್ಧರಿಸುವುದು ಎಂಜಿನ್ನಲ್ಲ, ಹಿಂದೆ ಬರುವ ಹರಿಗೋಲು.

ಸೂಳೆಕೆರೆ ಬಯಲು (ಚನ್ನಗಿರಿ ತಾಲ್ಲೂಕು):

ನಮ್ಮ ಕೆರೆ ತಮ್ಮ ಜಲಾಶಯದಷ್ಟು ಆಳವಿಲ್ಲ, ಆದರೆ ಬಲೆಯ ತೊಂದರೆ ಎಲ್ಲ ಕಡೆಯೂ ಒಂದೇ. ಹರಿದ ಬಲೆಯ ನೈಲಾನ್ ದಾರ ನೀರಿನಲ್ಲಿ ಕೊಳೆಯುವುದಿಲ್ಲ. ಅದು ತಿರುಗುವ ಪ್ರೊಪೆಲ್ಲರಿಗೆ ಸುತ್ತಿಕೊಂಡು, ನಿಧಾನವಾಗಿ ಅದರ ಹಿಂದಿನ ಸಂದಿಗೆ ಸೇರಿ, ಶಾಫ್ಟಿನ ಆಯಿಲ್ ಸೀಲನ್ನು ಕೊಯ್ಯುತ್ತದೆ. ಹೊರಗಿನಿಂದ ಏನೂ ಕಾಣಿಸುವುದಿಲ್ಲ, ಎಂಜಿನ್ ಎಂದಿನಂತೆ ಓಡುತ್ತಿರುತ್ತದೆ. ಕೆಳಗಿನ ಸ್ಕ್ರೂ ಬಿಚ್ಚಿ ಗೇರ್ ಆಯಿಲನ್ನು ಬೆರಳಿಗೆ ಹಚ್ಚಿಕೊಂಡು ನೋಡಿದಾಗ ಅದು ಹಾಲು ಹೆಚ್ಚಾದ ಚಹಾದಂತೆ ಬೆಳ್ಳಗಿದ್ದರೆ ಒಳಗೆ ನೀರು ಸೇರಿದೆ ಎಂದು ಅರ್ಥ. ಹಾಗೆಯೇ ಓಡಿಸಿದರೆ ಗೇರು, ಬೇರಿಂಗು ತುಕ್ಕು ಹಿಡಿದು ಹೋಗುತ್ತವೆ. ಔಟ್‌ಬೋರ್ಡ್ ಆದರೆ ಎಂಜಿನ್ ಮಗುಚಿ, ಪ್ರೊಪೆಲ್ಲರ್ ಬಿಚ್ಚಿ, ದಾರವನ್ನು ಚಾಕುವಿನಿಂದ ಕೊಯ್ದು ತೆಗೆಯುವುದು ದೋಣಿಯಲ್ಲಿ ಕುಳಿತೇ ಆಗುವ ಕೆಲಸ. ಇನ್‌ಬೋರ್ಡಿಗೆ ದಾರ ಸುತ್ತಿದರೆ ಒಬ್ಬರು ನೀರಿಗೆ ಇಳಿದು ದೋಣಿಯ ಅಡಿಗೆ ಮುಳುಗಬೇಕು. ತಾವು ಬಲೆಗಳ ನಡುವೆಯೇ ಓಡಾಡುವವರಾದ್ದರಿಂದ ನನ್ನ ಮಟ್ಟಿಗೆ ಇದೊಂದೇ ಕಾರಣ ಸಾಕು.

ಎರಡು ಸ್ಟ್ರೋಕಿನದು ಬೇಡ ಎಂದು ನಾನು ಹೇಳುವುದು ಖರ್ಚಿನ ದೃಷ್ಟಿಯಿಂದಲ್ಲ. ಸೂಳೆಕೆರೆಯ ನೀರನ್ನು ಚಿತ್ರದುರ್ಗದವರು ಕುಡಿಯುತ್ತಾರೆ, ತಮ್ಮ ಜಲಾಶಯದ ನೀರನ್ನೂ ಹಿರಿಯೂರು, ಚಿತ್ರದುರ್ಗದ ಜನ ಕುಡಿಯುತ್ತಾರೆ. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಆಯಿಲನ್ನು ಪೆಟ್ರೋಲಿಗೇ ಬೆರೆಸಬೇಕು. 50ಕ್ಕೆ 1ರಂತೆ ಎಂದರೆ ಲೀಟರಿಗೆ 20 ಮಿಲಿಲೀಟರ್. ಅದರಲ್ಲಿ ಸುಡದೆ ಉಳಿದದ್ದು ಹೊಗೆಯ ಜೊತೆ ನೇರವಾಗಿ ನೀರಿಗೇ ಹೋಗುತ್ತದೆ. ದೋಣಿಗೆ ಎಂಜಿನ್ ಕೂರಿಸುವ ಮುಂಚೆ ಮೀನುಗಾರಿಕೆ ಇಲಾಖೆಯಲ್ಲೂ ಜಲಾಶಯದ ಉಸ್ತುವಾರಿ ನೋಡುವ ಕಚೇರಿಯಲ್ಲೂ ಲಿಖಿತವಾಗಿ ಕೇಳಿಕೊಳ್ಳುವುದು ಒಳ್ಳೆಯದು. ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಮಾನ್ಯ ವರ್ಗದವರಿಗೆ ಶೇ 40, ಪರಿಶಿಷ್ಟರಿಗೆ ಮತ್ತು ಮಹಿಳೆಯರಿಗೆ ಶೇ 60 ಸಹಾಯಧನದ ಅನುಪಾತವಿದೆ. ತಮ್ಮ ದೋಣಿ ಅದರೊಳಗೆ ಬರುತ್ತದೆಯೇ ಎಂದು ಅದೇ ಅರ್ಜಿಯಲ್ಲಿ ಕೇಳಬಹುದು.

ಡೀಸೆಲ್ಲೇ ಬೇಕೆಂದು ಹಿರಿಯರು ಹಟ ಹಿಡಿದರೆ ನಡುವಿನ ದಾರಿಯೊಂದಿದೆ. ತಮಿಳುನಾಡಿನ ಕರಾವಳಿಯ ವಳ್ಳಗಳಲ್ಲಿ ಗಾಳಿಯಿಂದಲೇ ತಣಿಯುವ ಸಣ್ಣ ಡೀಸೆಲ್ ಎಂಜಿನ್ನನ್ನು ದೋಣಿಯ ಹಿಂಬದಿಯಲ್ಲಿ ತಿರುಗಣೆಯ ಮೇಲೆ ಕೂರಿಸಿ, ಉದ್ದನೆಯ ಶಾಫ್ಟಿನ ತುದಿಗೆ ಪ್ರೊಪೆಲ್ಲರ್ ಕಟ್ಟಿರುತ್ತಾರೆ. ಬೇಕಾದಾಗ ಇಡೀ ಶಾಫ್ಟನ್ನೇ ನೀರಿನಿಂದ ಎತ್ತಬಹುದು. ಸದ್ದು ಮತ್ತು ಅದುರುವಿಕೆ ವಿಪರೀತ, ತಿರುಗಿಸಲು ತೋಳಿನಲ್ಲಿ ಬಲ ಬೇಕು, ಹಿಂದಕ್ಕೆ ಚಲಿಸುವ ಸೌಕರ್ಯ ಸಾಮಾನ್ಯವಾಗಿ ಇರುವುದಿಲ್ಲ.

ಮಾರಿಕಣಿವೆ ದಂಡೆ:

ಎಲ್ಲರಿಗೂ ಧನ್ಯವಾದಗಳು. ಬೋಧಕರು ಕೇಳಿದ್ದಕ್ಕೆ ಉತ್ತರ: ಬೆಳಿಗ್ಗೆ ಎರಡು ಗಂಟೆ, ಸಂಜೆ ಒಂದು ಗಂಟೆ ಓಡಿದರೆ ಹೆಚ್ಚು. ಉಳಿದ ಹೊತ್ತು ದೋಣಿ ದಡದಲ್ಲೇ ಇರುತ್ತದೆ. ನಮ್ಮ ಕಡೆ ರಾತ್ರಿ ಕಾವಲಿಗೆ ಯಾರೂ ಇರುವುದಿಲ್ಲ ಎಂಬುದನ್ನೂ ಹೇಳಬೇಕಿತ್ತು.

ನಿವೃತ್ತ ಬೋಧಕ, ಚಿತ್ರದುರ್ಗ:

ಹಾಗಾದರೆ ಡೀಸೆಲ್ಲಿನ ಪರವಾದ ನನ್ನ ವಾದಕ್ಕೆ ಬಲವಿಲ್ಲ. ಮೂರು ಗಂಟೆಯೂ ಪೂರ್ತಿ ಶಕ್ತಿಯಲ್ಲಿ ಓಡುವುದಿಲ್ಲ; ಅರ್ಧ ಹೊತ್ತು ಬಲೆಯಿಂದ ಬಲೆಗೆ ಮೆಲ್ಲಗೆ ಸರಿಯುವುದೇ ಇರುತ್ತದೆ. ದಿನಕ್ಕೆ ಉಳಿಯುವುದು ಹೆಚ್ಚೆಂದರೆ ಮೂರು ನಾಲ್ಕು ಲೀಟರ್. ಆ ಉಳಿತಾಯದಿಂದ ಎಂಜಿನ್ ಪೀಠ, ಸ್ಟರ್ನ್ ಟ್ಯೂಬ್ (ಶಾಫ್ಟು ದೋಣಿಯಿಂದ ಹೊರಗೆ ಹಾದುಹೋಗುವ ಕೊಳವೆ), ಗೇರ್ ಬಾಕ್ಸ್, ಚುಕ್ಕಾಣಿ ಇವುಗಳ ಖರ್ಚನ್ನು ತೀರಿಸಲು ವರ್ಷಗಳೇ ಹಿಡಿಯುತ್ತವೆ. ಅಲ್ಲದೆ 20 ಅಡಿಯ ದೋಣಿಯ ನಟ್ಟನಡುವೆ ಎಂಜಿನ್ ಪೆಟ್ಟಿಗೆ ಕೂತರೆ ಐಸ್ ಪೆಟ್ಟಿಗೆಗಳನ್ನು ಎಲ್ಲಿಡುವಿರಿ? ನಾಲ್ಕು ಸ್ಟ್ರೋಕಿನ 9.9 ಅಶ್ವಶಕ್ತಿಯ ಔಟ್‌ಬೋರ್ಡ್ ಸುಮಾರು 40 ಕೆ.ಜಿ. ತೂಗುತ್ತದೆ. ಇಬ್ಬರು ಬಿಚ್ಚಿ ಹೊತ್ತು ಮನೆಯಲ್ಲಿಟ್ಟುಕೊಂಡರೆ ಕಾವಲಿನ ಚಿಂತೆಯೂ ಇರುವುದಿಲ್ಲ. ಕೊಳ್ಳುವಾಗ ಕಡಿಮೆ ಪಿಚ್ಚಿನ, ಅಂದರೆ ಒಂದು ಸುತ್ತಿಗೆ ಕಡಿಮೆ ದೂರ ಮುಂದೆ ತಳ್ಳುವ, ಪ್ರೊಪೆಲ್ಲರ್ ಕೇಳಿ ಪಡೆಯಿರಿ. ಭಾರ ತುಂಬಿದ ದೋಣಿಯಲ್ಲೂ ಎಂಜಿನ್ ತನ್ನ ನಿಗದಿತ ಸುತ್ತುಗಳನ್ನು ಮುಟ್ಟಬೇಕು, ಇಲ್ಲದಿದ್ದರೆ ಏದುಸಿರು ಬಿಡುತ್ತಾ ಬೇಗ ಸವೆಯುತ್ತದೆ.

ಕರಾವಳಿಯವ, ಸದ್ಯ ದಾವಣಗೆರೆ:

ದೋಣಿ ಮಾಡುವವರಿಗೆ ಮುಂಗಡ ಕೊಡುವ ಮೊದಲು ಹಿಂಬದಿ ಗೋಡೆಯ ಎತ್ತರವನ್ನು ಅಳತೆ ಹಿಡಿದು ಬರೆದುಕೊಡಿ. ಔಟ್‌ಬೋರ್ಡಿನ ಶಾಫ್ಟು ಸಾಮಾನ್ಯವಾಗಿ 15 ಇಂಚು, 20 ಇಂಚು ಎಂಬ ಎರಡು ಅಳತೆಗಳಲ್ಲಿ ಬರುತ್ತದೆ. ಪ್ರೊಪೆಲ್ಲರಿನ ಮೇಲಿರುವ ಚಪ್ಪಟೆ ರೆಕ್ಕೆ ದೋಣಿಯ ತಳದ ಮಟ್ಟಕ್ಕೆ, ಇಲ್ಲವೇ ಅದಕ್ಕಿಂತ ಒಂದಿಂಚು ಕೆಳಗೆ ಬರಬೇಕು. ಶಾಫ್ಟು ಗಿಡ್ಡವಾದರೆ ಅಲೆಯಲ್ಲಿ ಪ್ರೊಪೆಲ್ಲರ್ ಗಾಳಿ ಕಚ್ಚಿ ಎಂಜಿನ್ ಕಿರುಚುತ್ತದೆ, ಉದ್ದವಾದರೆ ಸುಮ್ಮನೆ ನೀರನ್ನು ತಡೆಯುತ್ತದೆ. ಆ ಗೋಡೆಯ ಒಳಗೆ ಬರೀ ಫೈಬರ್ ಸಾಲದು, ಮೆರೈನ್ ಪ್ಲೈವುಡ್ ಹಾಕಿ ದಪ್ಪ ಮಾಡಿಸಬೇಕು. ಕ್ಲಾಂಪಿನ ಜೊತೆಗೆ ಒಂದು ಸರಪಳಿಯನ್ನೂ ಕಟ್ಟಿ. ಕ್ಲಾಂಪ್ ಸಡಿಲವಾಗಿ ನೀರಿಗೆ ಬಿದ್ದ ಎಂಜಿನ್ನುಗಳಿಗೆ ಲೆಕ್ಕವಿಲ್ಲ.

ಓಡಿಸುವವರಿಗೆ ಕಲಿಸಬೇಕಾದ ಮೊದಲ ಪಾಠವೆಂದರೆ ಎಂಜಿನ್ ಶುರುವಾದ ಕೂಡಲೇ ಹಿಂದೆ ತಿರುಗಿ ನೋಡುವುದು. ಎಂಜಿನ್ನಿನ ಪಕ್ಕದ ಸಣ್ಣ ರಂಧ್ರದಿಂದ, ಎಂಜಿನ್ನನ್ನು ತಣಿಸಿದ ನೀರು ಪಿಚಕಾರಿಯಂತೆ ಹೊರಗೆ ಚಿಮ್ಮುತ್ತಿರಬೇಕು. ಅದು ನಿಂತಿದ್ದರೆ, ಅಥವಾ ತೊಟ್ಟಿಕ್ಕುತ್ತಿದ್ದರೆ, ತಕ್ಷಣ ಆಫ್ ಮಾಡಬೇಕು. ಕೆಸರು ನೀರು ಕುಡಿದ ಪಂಪಿನ ರಬ್ಬರ್ ಇಂಪೆಲ್ಲರ್ (ಆ ನೀರನ್ನು ತಳ್ಳುವ ಚಕ್ರ) ಬೇಗ ಸವೆಯುತ್ತದೆ, ಹಾಗಾಗಿ ನೀರು ಇಳಿದ ಬೇಸಿಗೆಯಲ್ಲಿ ಇದನ್ನು ಹೆಚ್ಚು ಗಮನಿಸಬೇಕು. ಒಂದು ಇಂಪೆಲ್ಲರ್, ಎರಡು ಸ್ಪಾರ್ಕ್ ಪ್ಲಗ್, ಪ್ರೊಪೆಲ್ಲರಿನ ಪಿನ್ನುಗಳು ಮತ್ತು ಒಂದು ಜೊತೆ ಹುಟ್ಟು ದೋಣಿಯಲ್ಲೇ ಇರಲಿ. ಸಮುದ್ರಕ್ಕೆಂದು ಬರುವ ಎಂಜಿನ್ನುಗಳಿಗೆ ತುಕ್ಕು ತಡೆಯುವ ಸತುವಿನ ಗಟ್ಟಿಯನ್ನು ಕಟ್ಟಿರುತ್ತಾರೆ, ಸಿಹಿನೀರಿನಲ್ಲಿ ಅದು ಸರಿಯಾಗಿ ಕೆಲಸ ಮಾಡುವುದಿಲ್ಲ. ಮೆಗ್ನೀಷಿಯಂ ಇಲ್ಲವೇ ಅಲ್ಯೂಮಿನಿಯಂನದು ಹಾಕಿಕೊಡಲು ಮಾರುವವರಿಗೆ ಹೇಳಿ. ಬಿಡಿಭಾಗಗಳು ಮಂಗಳೂರು, ಉಡುಪಿಯಿಂದ ಬಸ್ಸಿನ ಪಾರ್ಸೆಲ್ಲಿನಲ್ಲಿ ಬರಬೇಕಾಗುತ್ತದೆ. ಯಾವ ಮಾದರಿಯ ಭಾಗಗಳು ಅಲ್ಲಿ ಅಂಗಡಿಯಲ್ಲೇ ಸಿಗುತ್ತವೆ ಎಂದು ಫೋನಿನಲ್ಲಿ ವಿಚಾರಿಸಿದ ನಂತರವೇ ಯಾವ ಕಂಪನಿಯ ಎಂಜಿನ್ ಎಂಬುದನ್ನು ತೀರ್ಮಾನಿಸಿ.