ದುಡ್ಡು ಒಂದು ಬಿಟ್ಟು

"ಭಟ್ರೇ, ನಿಮ್ಮ ಕೊಟ್ಟಿಗೆ ಹಿಂದೆ ರಾಶಿ ಬಿದ್ದಿದೆಯಲ್ಲ ತೆಂಗಿನ ಸಿಪ್ಪೆ, ಅದು ತ್ಯಾಜ್ಯ ಅಲ್ಲ, ಚಿನ್ನ" ಎಂದ ಪ್ರಶಾಂತ. ಬೆಂಗಳೂರಿನಿಂದ ಬಂದಾಗಲೆಲ್ಲ ಅವನಿಗೆ ಊರಿನ ಏನಾದರೊಂದು ಚಿನ್ನವಾಗಿ ಕಾಣಬೇಕು. ಹೋದ ಸಲ ಗೇರುಬೀಜದ ಸಿಪ್ಪೆ, ಅದಕ್ಕಿಂತ ಮೊದಲು ಸೆಗಣಿ.

ಹಂಪನಕಟ್ಟೆಯ ಐಸ್‌ಕ್ರೀಮ್ ಅಂಗಡಿ. ಶೆಟ್ರು ಗಡ್‌ಬಡ್‌ನಿಂದ ತಲೆ ಎತ್ತಲಿಲ್ಲ. "ಎಷ್ಟು ಕ್ಯಾರೆಟ್?"

"ತಮಾಷೆ ಅಲ್ಲ ಶೆಟ್ರೇ. ತೆಂಗಿನ ನಾರಿನಲ್ಲಿ ಶೇಕಡಾ 40ರಷ್ಟು ಲಿಗ್ನಿನ್ ಉಂಟು. ಮರ ಗಟ್ಟಿಯಾಗುವುದೇ ಅದರಿಂದ. ಅದನ್ನು ಬೇರೆ ಮಾಡಿದರೆ ಅಂಟು ಆಗುತ್ತದೆ, ಕಾರ್ಬನ್ ಫೈಬರ್ ಆಗುತ್ತದೆ, ಬ್ಯಾಟರಿಗೆ ಬರುತ್ತದೆ, ರಸ್ತೆಯ ಡಾಮರಿಗೂ ಬೆರೆಸುತ್ತಾರೆ..."

"ನಮ್ಮ ರಸ್ತೆಗಾ?" ಶೆಟ್ರು ಈಗ ತಲೆ ಎತ್ತಿದರು. "ಮೊದಲು ಡಾಮರು ಹಾಕಲಿ ಮಾರಾಯ, ಬೆರೆಸುವುದು ಆಮೇಲೆ."

"ಅದರಿಂದ ದುಡ್ಡು ಆಗುತ್ತದಾ?" ಭಟ್ರ ಪ್ರಶ್ನೆ ಒಂದೇ.

"ಅದೊಂದು ಬಿಟ್ಟು ಎಲ್ಲ ಆಗುತ್ತದೆ" ಎಂದರು ಮಾಷ್ಟ್ರು. "ನಾನು ಹೇಳಿದ್ದಲ್ಲ, ಕಾಗದದ ಕಾರ್ಖಾನೆಯವರ ಹಳೇ ಮಾತು. ಮರದ ಚೂರನ್ನು ಕಾಸ್ಟಿಕ್ ಸೋಡಾ, ಸೋಡಿಯಂ ಸಲ್ಫೈಡ್ ಹಾಕಿ 170 ಡಿಗ್ರಿಯಲ್ಲಿ ಬೇಯಿಸಿದರೆ ಲಿಗ್ನಿನ್ ಕರಗಿ ಕಪ್ಪು ನೀರಾಗುತ್ತದೆ, ನಾರು ಉಳಿಯುತ್ತದೆ. ಆ ನೀರಿಗೆ ಆಸಿಡ್ ಬಿಟ್ಟರೆ ಲಿಗ್ನಿನ್ ಕೆಳಗೆ ಕೂರುತ್ತದೆ. ಬರುವುದೇನೋ ಬರುತ್ತದೆ. ಆದರೆ ಬೇಯುವಾಗಲೇ ಅದು ಮುರಿದು, ಹೇಗೆ ಹೇಗೋ ಸೇರಿ, ಮರಕ್ಕೊಂದು ಬಗೆ, ಬ್ಯಾಚಿಗೊಂದು ಬಗೆ. ಮಾರುವವನಿಗೆ ಇವತ್ತಿನದ್ದೇ ನಾಳೆಯೂ ಬೇಕಲ್ವಾ?"

"ಹಾಗಾದರೆ ಕಾರ್ಖಾನೆಯವರು ಅದನ್ನು ಎಂತ ಮಾಡುತ್ತಾರೆ?"

"ಉರಿಸುತ್ತಾರೆ. ಕಪ್ಪು ನೀರನ್ನು ದಪ್ಪ ಮಾಡಿ ಬಾಯ್ಲರಿಗೆ ಬಿಡುತ್ತಾರೆ. ಕಾರ್ಖಾನೆಯ ಹಬೆ, ಕರೆಂಟು ಅದರಲ್ಲೇ. ಬೇಯಿಸಿದ ಸೋಡಾವೂ ವಾಪಸ್ ಸಿಗುತ್ತದೆ. ನಿಮ್ಮ ಬಚ್ಚಲಿನ ಹಂಡೆಯ ಒಲೆ ಇದೆಯಲ್ಲ ಭಟ್ರೇ, ಅದೇ, ಸ್ವಲ್ಪ ದೊಡ್ಡದು."

ಭಟ್ರ ಮುಖ ಅರಳಿತು. ಇಷ್ಟು ವರ್ಷ ಸ್ನಾನಕ್ಕೆ ನೀರು ಕಾಯಿಸಿದ್ದಕ್ಕೆ ಯಾರೂ ಇಷ್ಟು ಮರ್ಯಾದೆ ಕೊಟ್ಟಿರಲಿಲ್ಲ.

"ಎಲ್ಲರೂ ಸೋತಿಲ್ಲ ಮಾಷ್ಟ್ರೇ" ಪ್ರಶಾಂತ ಬಿಡಲಿಲ್ಲ. "ನಾರ್ವೆಯ ಬೋರೆಗಾರ್ಡ್ ಕಂಪನಿ ಸ್ಪ್ರೂಸ್ ಮರದ ಲಿಗ್ನಿನ್‌ನಿಂದ 1962ರಿಂದಲೂ ವೆನಿಲಿನ್ ಮಾಡುತ್ತಿದೆ. ಕಾಂಕ್ರೀಟಿಗೆ ನೀರು ಕಡಿಮೆ ಸಾಕಾಗುವ ಹಾಗೆ ಮಾಡುವ ಪುಡಿಯೂ ಇದರದ್ದೇ."

"ಒಪ್ಪಿದೆ. ಮರ ಒಂದೇ ಜಾತಿ, ಕೆಲಸ ತಲೆಮಾರುಗಳದ್ದು. ನಿನ್ನ ಸ್ಟಾರ್ಟಪ್‌ಗೆ ಎಷ್ಟು ತಿಂಗಳಾಯಿತು?"

ಭಟ್ರು ಮಾತ್ರ ವೆನಿಲಿನ್ ಅಂದಲ್ಲೇ ನಿಂತಿದ್ದರು. "ವೆನಿಲ್ಲಾದ ಪರಿಮಳವಾ? ಮರದಿಂದ?"

"ಪೆಟ್ರೋಲಿಯಂನಿಂದ ಇನ್ನೂ ಜಾಸ್ತಿ ಬರುತ್ತದೆ" ಎಂದರು ಮಾಷ್ಟ್ರು. "ಈ ಗಡ್‌ಬಡ್‌ನದ್ದು ಯಾವುದೋ, ಶೆಟ್ರ ನಾಲಿಗೆಗೆ ಗೊತ್ತಾಗುವುದಿಲ್ಲ."

"ಗೊತ್ತಾಗುವುದು ಬೇಡ" ಎಂದರು ಶೆಟ್ರು.

"2003ರ ಹೊತ್ತಿಗೆ ವೆನಿಲ್ಲಾದ ಹಸಿ ಕೋಡು ಕಿಲೋಗೆ ಸಾವಿರಗಟ್ಟಲೆ ಇತ್ತು" ಎಂದರು ಭಟ್ರು. "ಹೂವು ಅರಳುವುದು ಒಂದೇ ದಿನ. ಇಲ್ಲಿ ಅದಕ್ಕೆ ಬೇಕಾದ ಹುಳ ಇಲ್ಲ. ನಮ್ಮವಳು ಬೆಳಗ್ಗೆ ದೋಸೆ ಹೊಯ್ಯುವ ಮೊದಲು ಕಡ್ಡಿ ಹಿಡಿದು ತೋಟಕ್ಕೆ ಹೋಗಿ ಒಂದೊಂದೇ ಹೂವಿಗೆ ಪರಾಗ ಮುಟ್ಟಿಸುತ್ತಿದ್ದಳು. ರಾತ್ರಿ ನಾನು ಟಾರ್ಚ್ ಹಿಡಿದು ಕಾವಲು. ಆಮೇಲೆ ರೇಟು ಬಿತ್ತು, ಕೊಳ್ಳುವವರ ಫೋನೂ ನಿಂತಿತು. ಬಳ್ಳಿ ಈಗಲೂ ಉಂಟು. ಹೂವು ಬಿಡುತ್ತದೆ. ಹೋಗಿ ಮುಟ್ಟುವವರಿಲ್ಲ, ಅವಳ ಕಣ್ಣೂ ಈಗ ಅಷ್ಟು ಕಾಣುವುದಿಲ್ಲ."

ಆಗಲೂ ಯಾರೋ ಚಿನ್ನ ಅಂದಿದ್ದರೇ ಎಂದು ಯಾರೂ ಕೇಳಲಿಲ್ಲ. ಶೆಟ್ರು ಕೂಡ ಚಮಚ ಕೆಳಗಿಟ್ಟರು.

"ಭಟ್ರೇ" ಪ್ರಶಾಂತ ಮೆಲ್ಲನೆ ಶುರು ಮಾಡಿದ, "ಸಿಪ್ಪೆ ಕೊಡುತ್ತೀರಲ್ಲ? ಸದ್ಯಕ್ಕೆ ರೇಟು ಅಂತ ಏನಿಲ್ಲ, ಸ್ಯಾಂಪಲ್‌ಗೆ ಒಂದು ಪಿಕಪ್ ಲೋಡ್."

"ಕೊಂಡುಹೋಗು. ಹಂಡೆಗೆ ಎಂತ ಹಾಕಲಿ?"

"ಸೋಲಾರ್ ಹಾಕಿಸಿ."

"ಆಟಿಯ ಮಳೆಯಲ್ಲಿ?" ಎಂದರು ಭಟ್ರು.