ಪದಚರ್ಚೆ: ತುರ್ತು ಸಂದೇಶದ ತಂತ್ರಾಂಶದಲ್ಲಿ ‘ಶೆಲ್ಟರ್’, ‘ಇವ್ಯಾಕ್ಯುಯೇಟ್’, ‘ಡ್ರಿಲ್’

ಗೆಳೆಯರೇ,

ಕಾರ್ಖಾನೆ, ಕಾಲೇಜುಗಳು ಬಳಸುವ ತುರ್ತು ಸಂದೇಶದ ತಂತ್ರಾಂಶವೊಂದನ್ನು ಕನ್ನಡಕ್ಕೆ ತರುತ್ತಿದ್ದೇವೆ. ಹೊಸ ಆವೃತ್ತಿಯಲ್ಲಿ ಸಿದ್ಧ ಸಂದೇಶಗಳಿವೆ, ಸಿಬ್ಬಂದಿ ಒತ್ತಿ ಉತ್ತರಿಸುವ ಬಟನ್‌ಗಳಿವೆ. ಶೆಲ್ಟರ್‌ಗೆ ‘ಆಶ್ರಯ ಪಡೆಯಿರಿ’, ಇವ್ಯಾಕ್ಯುಯೇಟ್‌ಗೆ ‘ತೆರವುಗೊಳಿಸಿ’, ಡ್ರಿಲ್ ಮತ್ತು ಟೆಸ್ಟ್ ಎರಡಕ್ಕೂ ‘ಪರೀಕ್ಷೆ’, ಅಕ್ನಾಲೆಜ್‌ಗೆ ‘ಸ್ವೀಕೃತಿ’ ಎಂದು ಹಾಕಿದ್ದೇವೆ. ಸರಿಯೇ?

ಉತ್ತರ:

ನಾಲ್ಕರಲ್ಲಿ ಮೂರು ಅಪಾಯಕಾರಿ.

‘ಆಶ್ರಯ ಪಡೆಯಿರಿ’ ಎಂದರೆ ಓದುವವರು ಆಶ್ರಯ ಹುಡುಕಿಕೊಂಡು ಹೊರಗೆ ಹೊರಡುತ್ತಾರೆ. ಕಟ್ಟಡದ ಹೊರಗೆ ಅಮೋನಿಯಾ ಸೋರಿದಾಗ ಒಳಗಿರುವವರಿಗೆ ಬೇಕಿರುವುದು ಇದಕ್ಕೆ ತದ್ವಿರುದ್ಧ. ‘ಇದ್ದಲ್ಲೇ ಇರಿ’ ಎನ್ನಿ. ‘ತೆರವು’ ನಮ್ಮ ಪತ್ರಿಕೆಗಳಲ್ಲಿ ಒತ್ತುವರಿಗೆ ಅಂಟಿಕೊಂಡ ಪದ. ‘ಕಟ್ಟಡ ತೆರವುಗೊಳಿಸಿ’ ಎಂದರೆ ಜೆಸಿಬಿ ನೆನಪಾಗುತ್ತದೆ. ‘ಕಟ್ಟಡದಿಂದ ಹೊರಗೆ ಬನ್ನಿ’ ಸಾಕು. ಪರದೆಯ ಮೆನುವಿನಲ್ಲಿ ನಾಮಪದ ಬೇಕೆಂದು ಸಂದೇಶದಲ್ಲೂ ನಾಮಪದ ತುರುಕಬೇಡಿ.

ಡ್ರಿಲ್ ಮತ್ತು ಟೆಸ್ಟ್ ಒಂದೇ ಅಲ್ಲ. ಎಚ್ಚರಿಕೆ ಸಂದೇಶಗಳ ಅಂತರರಾಷ್ಟ್ರೀಯ ಮಾನಕವಾದ ಕ್ಯಾಪ್ 1.2 (2010) ಇವನ್ನು ಬೇರೆ ಬೇರೆ ಸ್ಥಿತಿಗಳಾಗಿಯೇ ಇಟ್ಟಿದೆ. ಡ್ರಿಲ್‌ಗೆ ಅದರ ಪದ ‘ಎಕ್ಸರ್‌ಸೈಜ್’; ಅದು ಬಂದರೆ ತಾಲೀಮಿಗೆಂದು ಆಯ್ದ ಜನ ನಿಜವಾಗಿ ಓಡಾಡಬೇಕು. ‘ಟೆಸ್ಟ್’ ಬಂದರೆ ಎಲ್ಲರೂ ಸುಮ್ಮನಿರಬೇಕು. ಮೊದಲನೆಯದಕ್ಕೆ ‘ತಾಲೀಮು’, ಎರಡನೆಯದಕ್ಕೆ ‘ತಾಂತ್ರಿಕ ಪರೀಕ್ಷೆ’ ಇರಲಿ. ಬರೀ ‘ಪರೀಕ್ಷೆ’ ಕಾಲೇಜಿನಲ್ಲಿ ಬೇರೆಯೇ ಗಾಬರಿ ಹುಟ್ಟಿಸುತ್ತದೆ. ಸರ್ಕಾರಿ ಪ್ರಕಟಣೆಗಳ ‘ಅಣಕು ಪ್ರದರ್ಶನ’ ನನಗೆ ಒಗ್ಗದು, ಅಣಕವೆಂದರೆ ಗೇಲಿ.

‘ತಾಲೀಮು’ ಅಥವಾ ‘ತಾಂತ್ರಿಕ ಪರೀಕ್ಷೆ’ ಎಂಬ ಗುರುತು ಸಂದೇಶದ ಮೊದಲಲ್ಲೇ ಬರಲಿ, ಅದಕ್ಕೆ ಅಡ್ಡ ಬರುವ ಮಾತು ಒಳಗೆ ಎಲ್ಲೂ ಇರದಿರಲಿ. 2018ರ ಜನವರಿ 13ರಂದು ಹವಾಯಿಯಲ್ಲಿ ಕ್ಷಿಪಣಿ ದಾಳಿಯ ಸುಳ್ಳು ಎಚ್ಚರಿಕೆ ಹೊರಟಿದ್ದು ಇದೇ ಗೊಂದಲದಿಂದ: ತಾಲೀಮಿನ ಧ್ವನಿಮುದ್ರಣದಲ್ಲಿ ‘ಇದು ತಾಲೀಮು’ ಎಂದೂ ಇತ್ತು, ‘ಇದು ತಾಲೀಮಲ್ಲ’ ಎಂದೂ ಇತ್ತು. ಮೊಬೈಲ್‌ಗಳಿಗೆ ತಿದ್ದುಪಡಿ ಸಂದೇಶ ತಲುಪಲು 38 ನಿಮಿಷ ಹಿಡಿಯಿತು, ಅಂಥ ಸಂದೇಶ ಸಿದ್ಧವಿರಲೇ ಇಲ್ಲ. ನಿಮ್ಮ ಸಿದ್ಧ ಸಂದೇಶಗಳಲ್ಲಿ ‘ಅಪಾಯ ಕಳೆದಿದೆ’ ಮತ್ತು ‘ಹಿಂದಿನ ಸಂದೇಶ ತಪ್ಪು’ ಎರಡೂ ಪ್ರತ್ಯೇಕವಾಗಿರಲಿ. ‘ರದ್ದು’ ಎಂಬ ಒಂದೇ ಪದ ಯಾವುದನ್ನೂ ಹೇಳುವುದಿಲ್ಲ.

‘ಸ್ವೀಕೃತಿ’ ಕಡತಕ್ಕೆ ಸರಿ, ಬಟನ್‌ಗೆ ಬೇಡ. ಓದಿದವರೆಲ್ಲ ಸುರಕ್ಷಿತರಲ್ಲ. ಅದೊಂದೇ ಬಟನ್ ಇದ್ದರೆ ಲಿಫ್ಟಿನಲ್ಲಿ ಸಿಕ್ಕಿಕೊಂಡವರೂ ಅದನ್ನೇ ಒತ್ತುತ್ತಾರೆ, ಪಟ್ಟಿಯಲ್ಲಿ ಹಸಿರಾಗುತ್ತಾರೆ. ‘ಓದಿದೆ’, ‘ಕ್ಷೇಮ’, ‘ನೆರವು ಬೇಕು’ ಎಂದು ಮೂರು ಕೊಡಿ.

ಇನ್ನು ಉದ್ದ. ಕನ್ನಡ ಎಸ್ಸೆಮ್ಮೆಸ್ ಒಂದು ತುಂಡಿನಲ್ಲಿ ಹೋಗಬೇಕಾದರೆ 70 ಯೂನಿಕೋಡ್ ಚಿಹ್ನೆಗಳೇ ಮಿತಿ; ಮೀರಿದರೆ 67ರ ತುಂಡುಗಳಾಗುತ್ತವೆ, ಒಂದು ತುಂಡು ತಡವಾದರೆ ಇಡೀ ಸಂದೇಶ ಕಾಯಬೇಕಾಗಬಹುದು. ಇಲ್ಲಿ ಕಣ್ಣಿಗೆ ಕಾಣುವ ಅಕ್ಷರ ಎಣಿಸಿದರೆ ಲೆಕ್ಕ ತಪ್ಪುತ್ತದೆ: ‘ಲ್ಲೇ’ ಒಂದೇ ಅಕ್ಷರ, ಚಿಹ್ನೆ ನಾಲ್ಕು (ಲ, ಒತ್ತಿನ ಗುರುತು, ಇನ್ನೊಂದು ಲ, ‘ಏ’ಕಾರ). ಇದನ್ನು ನೋಡಿ:

ಅಮೋನಿಯಾ ಸೋರಿಕೆ. ಇದ್ದಲ್ಲೇ ಇರಿ. ಕಿಟಕಿ, ಬಾಗಿಲು ಮುಚ್ಚಿ. ಎಸಿ ಆರಿಸಿ.

ಜಾಗ, ವಿರಾಮಚಿಹ್ನೆ ಸೇರಿ 62. ಮೊದಲಿಗೆ ‘ತಾಲೀಮು:’ ಮತ್ತು ಒಂದು ಜಾಗ ಸೇರಿಸಿದರೆ ಸರಿಯಾಗಿ 70. ‘ತಾಂತ್ರಿಕ ಪರೀಕ್ಷೆ:’ ಇದರ ಮುಂದೆ ಹಿಡಿಸದು, ಆದರೆ ತಾಂತ್ರಿಕ ಪರೀಕ್ಷೆಯಲ್ಲಿ ಅಮೋನಿಯಾದ ಮಾತು ಬರಲೂ ಬಾರದು.