58ಕ್ಕೆ ಕೆಲಸ ಬಿಡಬಹುದಾ? ಬಿಟ್ಟವರು ಅನುಭವ ಹೇಳಿ

ಕೇಳಿದವರು (ಹಾಸನ): ಮಾರ್ಚ್‌ಗೆ ನನಗೆ 58 ತುಂಬುತ್ತದೆ. ಖಾಸಗಿ ಕಂಪನಿಯಲ್ಲಿ ಅಕೌಂಟ್ಸ್ ಕೆಲಸ. ಬೇಕಿದ್ದರೆ ಇನ್ನೆರಡು ವರ್ಷ ಇರಿ ಅಂದಿದ್ದಾರೆ. ಪಿಎಫ್, ಗ್ರಾಚ್ಯುಟಿ ಸೇರಿ 52 ಲಕ್ಷ ಬರುತ್ತದೆ. ಸ್ವಂತ ಮನೆ ಇದೆ, ಮಗಳ ಓದು ಒಂದು ವರ್ಷ ಬಾಕಿ. ಟ್ಯಾಕ್ಸ್ ರೂಲ್ಸ್ ವರ್ಷಕ್ಕೊಂದು ಥರ, ಬಡ್ಡಿ ಬೇರೆ ಇಳಿಯುತ್ತಿದೆ. ಧೈರ್ಯ ಸಾಲುತ್ತಿಲ್ಲ.

ಕೆ.ಆರ್. ಪುರಂ ರಿಟೈರ್ಡ್: ನಾನು ರಿಟೈರ್ ಆಗಿದ್ದು 2020ರ ಮಾರ್ಚ್ 31. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಅವತ್ತಿನ ತನಕ 8.6% ಬಡ್ಡಿ. ಮಾರನೇ ದಿನದಿಂದ 7.4%. ನನ್ನ ದುಡ್ಡು ಕೈಗೆ ಬಂದಿದ್ದೇ ಜೂನ್‌ನಲ್ಲಿ. 15 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 32,250 ಬರಬೇಕಾದ ಕಡೆ 27,750. ಐದು ವರ್ಷಕ್ಕೆ 90,000 ಹೋಯಿತು. ಪಾಸ್‌ಬುಕ್ ತೆಗೆದರೆ ಮೊದಲ ಸಾಲು ಬಿಟ್ಟು ಎಲ್ಲ ಸಾಲಿನಲ್ಲೂ ಅದೇ 27,750. ಅಷ್ಟರಲ್ಲಿ ಸಿಲಿಂಡರ್ ಸಾವಿರ ದಾಟಿತ್ತು. ಕೆಲಸ ಇದ್ದರೆ ಬಿಡಬೇಡಿ.

ಮೂಡಿಗೆರೆ ತೋಟ: 90,000ಕ್ಕೆ ಇಷ್ಟು ಸಂಕಟವಾ ಸರ್? 2016ರಲ್ಲಿ ಬೆಂಗಳೂರಿನ ಕೆಲಸ ಬಿಟ್ಟು ಅಪ್ಪನ ಆರು ಎಕರೆಗೆ ಬಂದೆ. ಮೆಣಸು ಕೆಜಿಗೆ 600 ದಾಟಿತ್ತು, ಆ ಲೆಕ್ಕದಲ್ಲೇ ಬಂದಿದ್ದು. ಮೂರು ವರ್ಷದಲ್ಲಿ ಹತ್ತಿರ ಹತ್ತಿರ ಅರ್ಧ. 2018, 2019 ಎರಡು ವರ್ಷವೂ ಆಗಸ್ಟ್ ಮಳೆಗೆ ಕಾಫಿ ಕಾಯಿ ಉದುರಿ ಗಿಡದ ಬುಡವೆಲ್ಲ ಹಸಿರು. ಆಮೇಲೆ ಕಾಂಡಕೊರಕ. ಎಲೆ ಹಳದಿಯಾದ ಅರೇಬಿಕಾ ಗಿಡ ಕಡಿದು ಸೀಳಿದರೆ ಒಳಗೆ ಪುಡಿ ತುಂಬಿದ ಸುರಂಗ, ತುದಿಯಲ್ಲಿ ಬಿಳಿ ಹುಳ. 340 ಗಿಡ ಕಿತ್ತು ಸುಟ್ಟಿದ್ದೇನೆ. ಸಾಲ ತೀರಿಸಲು 2024ರ ಸೆಪ್ಟೆಂಬರ್‌ನಲ್ಲಿ ಹಾಸನದ ಸೈಟ್ ಮಾರಿದೆ. 2011ರಲ್ಲಿ 20 ಲಕ್ಷಕ್ಕೆ ತಗೊಂಡಿದ್ದು, 45ಕ್ಕೆ ಹೋಯಿತು. ಆ ಜುಲೈ ಬಜೆಟ್‌ನಲ್ಲಿ ಇಂಡೆಕ್ಸೇಶನ್ (ಬೆಲೆಯೇರಿಕೆಗೆ ತಕ್ಕಂತೆ ಕೊಂಡ ಬೆಲೆ ಏರಿಸಿ ಲಾಭ ಲೆಕ್ಕ ಹಾಕುವುದು) ತೆಗೆದಿದ್ದರಲ್ಲ, ಆಡಿಟರ್ ಪೂರ್ತಿ 25 ಲಕ್ಷ ಲಾಭಕ್ಕೂ 12.5% ಹಾಕಿದರು. 3,12,500 ಕಟ್ಟಿದೆ, ಸೆಸ್ ಬೇರೆ. ಈಗ ಕಾಫಿಗೆ ಒಳ್ಳೆ ರೇಟ್ ಇದೆ, ಕೊಯ್ಯುವುದಕ್ಕೆ ಕಾಯಿ ಇಲ್ಲ.

ಚಿಕ್ಕಮಗಳೂರು ಅಮ್ಮ: ನಮ್ಮ ಯಜಮಾನರು 2021ರಲ್ಲಿ ಕೆಲಸ ಬಿಟ್ಟರು. ಮೂರೇ ತಿಂಗಳಿಗೆ ಎದೆನೋವು. ಕಂಪನಿ ಇನ್ಶೂರೆನ್ಸ್ ಕೆಲಸದ ಜೊತೆಗೇ ಹೋಗಿತ್ತು. ಹೊಸ ಪಾಲಿಸಿಯಲ್ಲಿ ಹಳೇ ಬಿಪಿ, ಶುಗರ್‌ಗೆ ನಾಲ್ಕು ವರ್ಷ ಕಾಯಬೇಕಿತ್ತು. ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಆಂಬುಲೆನ್ಸ್‌ನಲ್ಲಿ ಕೂತು, ಅವರ ಕೈ ಹಿಡಿದುಕೊಂಡೇ ಯಾವ ಎಫ್‌ಡಿ ಮುರಿಯಬೇಕು ಅಂತ ಲೆಕ್ಕ ಹಾಕುತ್ತಿದ್ದೆ. ಮಂಗಳೂರಿನಲ್ಲಿ ಎರಡು ಸ್ಟೆಂಟ್, 3,18,000. ಪಿಎಫ್ ಜೊತೆಗಿನ ಇಪಿಎಸ್ ಪೆನ್ಶನ್ ತಿಂಗಳಿಗೆ 3,140. 2025ರ ಸೆಪ್ಟೆಂಬರ್ 22ರಿಂದ ಪ್ರೀಮಿಯಂ ಮೇಲಿನ 18% ಜಿಎಸ್‌ಟಿ ತೆಗೆದರು ಅಂತ ಖುಷಿಪಟ್ಟೆ. ರಿನ್ಯೂವಲ್‌ಗೆ ಹೋದರೆ ಪ್ರೀಮಿಯಂ ಏರಿಸಿ ಮತ್ತೆ ಅದೇ 64,000 ಮಾಡಿದ್ದರು. ತೋಟದವರು ಟ್ಯಾಕ್ಸ್ ಅಂತ ಅಳಬೇಡಿ. ನಿಮಗೆ ಕೃಷಿ ಆದಾಯಕ್ಕೆ ಟ್ಯಾಕ್ಸೇ ಇಲ್ಲ. ನಮ್ಮ ಎಫ್‌ಡಿ ಬಡ್ಡಿಗೆ ಟಿಡಿಎಸ್ ಅಂತ ಮೊದಲೇ ಟ್ಯಾಕ್ಸ್ ಹಿಡಿದು, ವಾಪಸ್ ಬೇಕಾದರೆ ರಿಟರ್ನ್ ಹಾಕಿ ಅನ್ನುತ್ತಾರೆ.

ಮೂಡಿಗೆರೆ ತೋಟ: ತಿಳಿದು ಮಾತಾಡಿ ಮೇಡಂ. ಕಾಫಿಯನ್ನು ಕ್ಯೂರಿಂಗ್ (ಒಣಗಿದ ಕಾಯಿಯ ಸಿಪ್ಪೆ ತೆಗೆದು ಬೀಜ ಹದ ಮಾಡುವುದು) ಮಾಡಿಸದೆ ಹಾಗೇ ಮಾರಿದರೆ ಇಲ್ಲ, ನಿಜ. ನಾವೇ ಕ್ಯೂರಿಂಗ್ ಮಾಡಿಸಿ ಮಾರಿದರೆ 25% ಆದಾಯ ಟ್ಯಾಕ್ಸ್ ಲೆಕ್ಕಕ್ಕೆ ಬರುತ್ತದೆ, ಹುರಿದು ಪುಡಿ ಮಾಡಿ ಮಾರಿದರೆ 40%. ಕಣದಲ್ಲಿ ಹರಡಿದ ಕಾಯಿ ಜನವರಿ ಮಳೆಗೆ ನೆಂದು ಬೂಸ್ಟು ಹಿಡಿದಾಗ ಯಾರು ವಾಪಸ್ ಕೊಡುತ್ತಾರೆ?

ಅರಸೀಕೆರೆ ಲೆಕ್ಕಿಗ: ಕೇಳಿದವರ ಪ್ರಶ್ನೆ ಎಲ್ಲರೂ ಮರೆತಿರಿ. ಸರ್, ಹೊಸ ಪದ್ಧತಿಯಲ್ಲಿ 2025ರ ಏಪ್ರಿಲ್‌ನಿಂದ 12 ಲಕ್ಷದ ತನಕ ಟ್ಯಾಕ್ಸ್ ಇಲ್ಲ. ನಿಮ್ಮ ಬಡ್ಡಿ ನಾಲ್ಕು ಲಕ್ಷದ ಆಸುಪಾಸು. ಟ್ಯಾಕ್ಸ್ ಚಿಂತೆ ಬಿಡಿ, ಬಡ್ಡಿ ಚಿಂತೆ ಮಾಡಿ. 2025ರ ಒಂದೇ ವರ್ಷದಲ್ಲಿ ರೆಪೋ (ಆರ್‌ಬಿಐ ಬ್ಯಾಂಕ್‌ಗಳಿಗೆ ಸಾಲ ಕೊಡುವ ಬಡ್ಡಿ ದರ) 6.5%ರಿಂದ 5.25%ಗೆ ಬಂತು. ಹಣ ಕೈಗೆ ಬಂದ ಮೂರು ತಿಂಗಳೊಳಗೆ ಹಿರಿಯ ನಾಗರಿಕರ ಯೋಜನೆಯಲ್ಲಿ 30 ಲಕ್ಷ ಇಡಿ. 8.2%ಗೆ ಮೂರು ತಿಂಗಳಿಗೊಮ್ಮೆ 61,500, ಐದು ವರ್ಷ ಬದಲಾಗಲ್ಲ. ಕೆ.ಆರ್. ಪುರಂನವರು 2023ರಲ್ಲೇ 1% ದಂಡ ಕಟ್ಟಿ ಮುರಿದು 8.2ಕ್ಕೆ ಹಾಕಬೇಕಿತ್ತು.

ಕೆ.ಆರ್. ಪುರಂ ರಿಟೈರ್ಡ್: 2023ರಲ್ಲಿ ನಮ್ಮ ತಾಯಿ ಹಾಸಿಗೆ ಹಿಡಿದಿದ್ದರು. ಡೈಪರ್‌ಗೇ ತಿಂಗಳಿಗೆ 4,000. 15,000 ದಂಡ ಕಟ್ಟುವ ಸ್ಥಿತಿ ಇರಲಿಲ್ಲ. ಆಗಿಹೋದ ಮೇಲೆ ಬುದ್ಧಿ ಹೇಳುವುದು ಸುಲಭ.

ಅರಸೀಕೆರೆ ಲೆಕ್ಕಿಗ: ಬೇಜಾರಾಗಬೇಡಿ, ನನಗೆ ಗೊತ್ತಿರಲಿಲ್ಲ. ಮೂಡಿಗೆರೆಯವರೇ, 2024ರ ಆಗಸ್ಟ್‌ನಲ್ಲಿ ಆ ಇಂಡೆಕ್ಸೇಶನ್ ಕಾನೂನು ತಿದ್ದಿದ್ದರು. 2024ರ ಜುಲೈ 23ಕ್ಕೆ ಮುಂಚೆ ತಗೊಂಡ ಸೈಟ್‌ಗೆ ಇಂಡೆಕ್ಸೇಶನ್ ಹಾಕಿ 20% ಕಟ್ಟಬಹುದು. ಬೆಲೆಯೇರಿಕೆಯ ಇಂಡೆಕ್ಸ್ ನೀವು ಕೊಂಡಾಗಿನ 184ರಿಂದ ಮಾರುವಾಗ 363 ಆಗಿತ್ತು. ನಿಮ್ಮ 20 ಲಕ್ಷ 39.46 ಲಕ್ಷ ಆಗುತ್ತಿತ್ತು, ಟ್ಯಾಕ್ಸ್ ಸುಮಾರು 1,11,000. ರಿವೈಸ್ಡ್ ರಿಟರ್ನ್‌ಗೆ (ಹಾಕಿದ ರಿಟರ್ನ್ ತಿದ್ದಿ ಮತ್ತೆ ಹಾಕುವುದಕ್ಕೆ) 2025ರ ಡಿಸೆಂಬರ್ 31ರ ತನಕ ಅವಕಾಶ ಇತ್ತು.

ಮೂಡಿಗೆರೆ ತೋಟ: ಇವತ್ತು ಜನವರಿ 9.